ಬೋಲ್ಟ್ ಎಲ್ಲಿ ಹಿಡಿಯುತ್ತದೆ, ಮೊದಲು ಅದನ್ನು ಹೇಳಿ

ಕಳೆದ ಸಂಚಿಕೆಯಲ್ಲಿ ನೀರೆತ್ತುವ ಪಂಪಿನ ಬೇರಿಂಗ್ ಬಗ್ಗೆ ಬರೆಯುತ್ತಾ, ‘ನಾನು ಮೂಲತಃ ಕೋವಿ ರಿಪೇರಿಯವನು’ ಎಂಬ ಮಾತೊಂದು ಬಾಯಿತಪ್ಪಿ ಬಂದುಬಿಟ್ಟಿತು. ಪರಿಣಾಮವಾಗಿ ಈ ಸಲ ಪಂಪಿನ ಬಗ್ಗೆ ಬಂದಿರುವುದು ಒಂದೇ ಪತ್ರ, ಉಳಿದವೆಲ್ಲ ರೈಫಲ್ ಬಗ್ಗೆ. ಹೊಸ ಓದುಗರಿಗಾಗಿ ಹೇಳುತ್ತೇನೆ: ಸೇನೆಯ ಯಂತ್ರ–ಆಯುಧ ದುರಸ್ತಿಯ ಇ.ಎಂ.ಇ. ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಆರ್ಮರರ್, ಎಂದರೆ ಕೋವಿ ದುರಸ್ತಿಗಾರ, ಆಗಿದ್ದೆ. ಅದರಲ್ಲಿ ಕೊನೆಯ ನಾಲ್ಕು ವರ್ಷ ಎನ್‌ಸಿಸಿ ಘಟಕವೊಂದರ ಹಳೆಯ .303 ಮತ್ತು .22 ರೈಫಲ್‌ಗಳ (ಈ ಸಂಖ್ಯೆ ನಳಿಗೆಯ ಅಳತೆ, ಅಂಗುಲದಲ್ಲಿ) ಜೊತೆ ಕಳೆಯಿತು. ಈಗ ಬೇಲೂರು–ಸಕಲೇಶಪುರ ನಡುವೆ ಎರಡೂವರೆ ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು, ಮತ್ತು ಈ ಅಂಕಣ.

ಇಲ್ಲಿ ಬರುವುದೆಲ್ಲ ಪರವಾನಗಿ ಇರುವ ಕೋವಿಯ ವಿಚಾರ. ಅದನ್ನು ಮುಟ್ಟುವ ಮೊದಲು ತೋಟಾ ತುಂಬುವ ಪೆಟ್ಟಿಗೆ, ಎಂದರೆ ಮ್ಯಾಗಜಿನ್, ತೆಗೆಯಿರಿ, ಚಿಲಕದ ಹಾಗಿರುವ ಬೋಲ್ಟ್ ಹಿಂದಕ್ಕೆ ಎಳೆಯಿರಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರ್ ಒಳಗೆ ಇಣುಕಿ ನೋಡಿ, ಆಮೇಲೆ ಕಿರುಬೆರಳನ್ನೂ ಹಾಕಿ ನೋಡಿ. ಖಾಲಿ ಎಂದು ಗೊತ್ತಿದ್ದರೂ ಹಾಕಿ ನೋಡಿ.

ಪ್ರಶ್ನೆ: ಅಪ್ಪನ ಕಾಲದ .315 ರೈಫಲ್ ಈಗ ನನ್ನ ಹೆಸರಿಗೆ ಬಂದಿದೆ. ಬೋಲ್ಟ್ ಬಹಳ ಬಿಗಿ. ಹಾಸನದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ಹಿಡಿದ .303 ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡುತ್ತಿತ್ತು. ಎರಡೂ ಒಂದೇ ಜಾತಿಯವು ಎನ್ನುತ್ತಾರೆ. ಹಾಗಾದರೆ ಇದಕ್ಕೇನು ರೋಗ?
— ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಒಂದೇ ಜಾತಿ ಎಂಬುದು ನಿಜ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ .315, ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ .303ರ ತಮ್ಮನೇ ಸರಿ. ನಾಗರಿಕರ ಕೈಗೆ .303 ಕೊಡಬಾರದೆಂದು ಬೇರೆ ತೋಟಾಕ್ಕೆ ಹೊಂದಿಸಿ, ಹತ್ತರ ಬದಲು ಐದು ತೋಟಾ ಹಿಡಿಸುವ ಮ್ಯಾಗಜಿನ್ ಕೊಟ್ಟರು. ಆದರೆ ನೀವು ಹಿಡಿದ ಎನ್‌ಸಿಸಿ ರೈಫಲನ್ನು ನಿಮಗಿಂತ ಮೊದಲು ಸಾವಿರಾರು ಹುಡುಗರು ಎಳೆದು, ತಳ್ಳಿ, ಒರೆಸಿ ಸವೆಸಿದ್ದರು. ನಿಮ್ಮ ತಂದೆಯವರದು ವರ್ಷಕ್ಕೆ ಎರಡು ಸಲ ಬೀರುವಿನಿಂದ ಹೊರಗೆ ಬಂದಿದ್ದರೆ ಹೆಚ್ಚು. ಲೋಹಕ್ಕೆ ಲೋಹ ಪರಿಚಯವಾಗಲು ಕಾಲ ಬೇಕು.

ಆದರೂ ‘ಬಿಗಿ’ ಎಂಬ ಒಂದೇ ಮಾತಿನಿಂದ ನಾನು ಔಷಧ ಬರೆಯಲಾರೆ. ವೈದ್ಯರಿಗೆ ‘ನೋವು’ ಎಂದಷ್ಟೇ ಹೇಳಿದರೆ ಎಲ್ಲಿ ಎಂದು ಕೇಳುವುದಿಲ್ಲವೇ? ಬೋಲ್ಟ್ ಎಂದರೆ ಚಿಲಕ, ಬಾಗಿಲಿಗೆ ಹಾಕುವ ಚಿಲಕದ್ದೇ ಬುದ್ಧಿವಂತ ಮೊಮ್ಮಗ. ಅದಕ್ಕೆ ನಾಲ್ಕೇ ಚಲನೆ: ಹಿಡಿಯನ್ನು ಎತ್ತುವುದು, ಎಳೆಯುವುದು, ತಳ್ಳುವುದು, ಇಳಿಸುವುದು. ಖಾಲಿ ರೈಫಲನ್ನು ಮೇಜಿನ ಮೇಲಿಟ್ಟು, ಮ್ಯಾಗಜಿನ್ ತೆಗೆದು, ಕಣ್ಣು ಮುಚ್ಚಿ, ನಾಲ್ಕನ್ನೂ ನಿಧಾನವಾಗಿ ಬಿಡಿಬಿಡಿಯಾಗಿ ಮಾಡಿ. ಎಲ್ಲಿ ಹಿಡಿಯುತ್ತದೆ ಎಂದು ಕೈಯೇ ಹೇಳುತ್ತದೆ.

ಎತ್ತುವಾಗ ಬಿಗಿ ಎಂದಿಟ್ಟುಕೊಳ್ಳಿ. ಖಾಲಿ ಇದ್ದಾಗಲೂ ಬಿಗಿಯೋ, ಗುಂಡು ಹಾರಿಸಿದ ಮೇಲೆ ಮಾತ್ರವೋ? ಹಾರಿಸಿದ ಮೇಲೆ ಮಾತ್ರವಾದರೆ ತಪ್ಪು ಬೋಲ್ಟಿನದಲ್ಲ, ಚೇಂಬರಿನದು ಅಥವಾ ತೋಟಾದ್ದು. ಸ್ಫೋಟದ ಒತ್ತಡಕ್ಕೆ ಹಿತ್ತಾಳೆಯ ತೋಟಾ ಉಬ್ಬಿ ಚೇಂಬರಿನ ಗೋಡೆಗೆ ಅಂಟಿ, ಒತ್ತಡ ಇಳಿದಾಗ ತುಸು ಕುಗ್ಗಿ ಬಿಡಿಸಿಕೊಳ್ಳಬೇಕು. ಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹಿತ್ತಾಳೆ ಅವುಗಳೊಳಗೆ ಕೂತುಬಿಡುತ್ತದೆ. ಹಿಡಿಯ ಬುಡದಲ್ಲಿ ಓರೆಯಾದ ಒಂದು ಮೈ ಇದೆ. ಹಿಡಿ ಮೇಲೆದ್ದಂತೆ ಅದು ಬೋಲ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಅಂಟಿದ ತೋಟಾವನ್ನು ಬಿಡಿಸುತ್ತದೆ. ಸನ್ನೆಗೋಲು ಹಾಕಿ ಬಂಡೆ ಮೀಟಿದಂತೆ, ಅಲ್ಲಿ ಚಲನೆ ಕಡಿಮೆ, ಬಲ ಹೆಚ್ಚು. ಆ ಮೀಟುವಿಕೆಗೂ ಬಗ್ಗದಷ್ಟು ತೋಟಾ ಹಿಡಿದಿದ್ದರೆ ಹಿಡಿಗೆ ಕಟ್ಟಿಗೆಯಿಂದ ಬಡಿಯಬೇಡಿ. ಗುಂಡು ಹಾರಿಸುವುದನ್ನೇ ನಿಲ್ಲಿಸಿ. ಖಾಲಿ ಇದ್ದಾಗಲೂ ಎತ್ತುವುದು ಬಿಗಿಯಾದರೆ, ಬೋಲ್ಟಿನ ಲಗ್‌ಗಳು, ಎಂದರೆ ಅದನ್ನು ಕಚ್ಚಿ ನಿಲ್ಲಿಸುವ ಚಾಚುಗಳು, ಕೂರುವ ಗೂಡಿನಲ್ಲಿ ಹಳೆಯ ಎಣ್ಣೆ ಕರಿ ಅಂಟಾಗಿ ಕೂತಿರುತ್ತದೆ. ಲೀ-ಎನ್‌ಫೀಲ್ಡ್ ಜಾತಿಯಲ್ಲಿ ಆ ಗೂಡು ಹಿಂಭಾಗದಲ್ಲೇ ಇರುವುದರಿಂದ ಚಿಂದಿ ಸುತ್ತಿದ ಕಡ್ಡಿ ಸುಲಭವಾಗಿ ತಲುಪುತ್ತದೆ. ಇದು ನಿಮ್ಮ ಅದೃಷ್ಟ.

ಎಳೆಯುವಾಗ ಗರಗರ ಎಂದರೆ ಓಡುದಾರಿಯಲ್ಲಿ ತುಕ್ಕು ಅಥವಾ ಧೂಳು. ಶಬ್ದವಿಲ್ಲದೆ ಗಕ್ಕನೆ ನಿಂತರೆ ಅದು ಬಹುಪಾಲು ನಿಮ್ಮ ಕೈಯ ತಪ್ಪು. ಹಳೆಯ ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದರೆ ಅದು ಅಡ್ಡ ತಿರುಗಿ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ. ಬೋಲ್ಟ್ ಪೂರ್ತಿ ಹಿಂದಕ್ಕೆ ಬಂದಾಗ ಅದಕ್ಕೆ ಆಸರೆ ಕಡಿಮೆ, ಎಡಬಲ ಅಲುಗಾಡುತ್ತದೆ. ಹಿಡಿ ಇರುವುದು ಒಂದು ಪಕ್ಕದಲ್ಲಿ. ನೀವು ಹೊರಕ್ಕೆ ಸೆಳೆದರೂ ಕೆಳಕ್ಕೆ ಒತ್ತಿದರೂ ಅದು ಓರೆಯಾಗುತ್ತದೆ. ಮುಷ್ಟಿ ಬಿಗಿಯದೆ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗುಬುಟು ಹಿಡಿದು, ನಳಿಗೆಯ ನೇರಕ್ಕೇ ಎಳೆಯಿರಿ. ನಿಮ್ಮ ಕಾಲೇಜಿನ ಉಸ್ತಾದರು ಇದನ್ನು ನೂರು ಸಲ ಬೈದು ಕಲಿಸಿರುತ್ತಾರೆ, ನೀವು ಮರೆತಿದ್ದೀರಿ.

ತಳ್ಳುವಾಗಿನ ವಿಚಾರಕ್ಕೆ ಸ್ವಲ್ಪ ತಾಳ್ಮೆ ಬೇಕು. ಕೊನೆಯ ಒಂದಂಗುಲದಲ್ಲಿ ನಿಮ್ಮ ರೈಫಲ್ ಭಾರವಾಗುವುದು ರೋಗವಲ್ಲ, ಸ್ವಭಾವ. ಲೀ-ಎನ್‌ಫೀಲ್ಡ್‌ನಲ್ಲಿ ಸ್ಟ್ರೈಕರಿನ (ತೋಟಾದ ಬುಡಕ್ಕೆ ಹೊಡೆದು ಸಿಡಿಸುವ ಕಡ್ಡಿಯ) ಸ್ಪ್ರಿಂಗ್ ಅದುಮಿಕೊಳ್ಳುವುದು ಬೋಲ್ಟ್ ಮುಂದಕ್ಕೆ ಹೋಗುವಾಗಲೇ. ಅಂಜುತ್ತ ಅಂಜುತ್ತ ತಳ್ಳಿದರೆ ಅಲ್ಲಿ ಬಂದು ನಿಲ್ಲುತ್ತದೆ. ಒಂದೇ ಓಟದಲ್ಲಿ ತಳ್ಳಿ ಇಳಿಸಿದರೆ ಆ ಭಾರ ಗೊತ್ತಾಗುವುದೇ ಇಲ್ಲ. ಅದಕ್ಕೂ ಮೊದಲೇ ಹಿಡಿಯುವುದಾದರೆ ಮ್ಯಾಗಜಿನ್ ಹಾಕಿದಾಗ ಮತ್ತು ತೆಗೆದಾಗ ಹೋಲಿಸಿ ನೋಡಿ. ಹಾಕಿದಾಗ ಮಾತ್ರ ಹಿಡಿದರೆ ಮ್ಯಾಗಜಿನ್ನಿನ ತುಟಿ ಬಾಗಿದೆ, ಇಲ್ಲವೇ ನೀವು ತೋಟಾ ತುಂಬಿದ್ದು ಸರಿಯಿಲ್ಲ. .315 ತೋಟಾದ ಬುಡಕ್ಕೆ .303ಕ್ಕೆ ಇರುವಂತೆಯೇ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಮೇಲಿನದು ಮುಂದೆ ಹೋಗುವಾಗ ಕೆಳಗಿನದನ್ನೂ ಎಳೆದುಕೊಂಡು ಹೊರಡುತ್ತದೆ, ಎರಡೂ ಸಿಕ್ಕಿಬೀಳುತ್ತವೆ. ‘ಬೋಲ್ಟ್ ಕೆಟ್ಟಿದೆ’ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದಾಗಿತ್ತು.

ಇನ್ನು ಇಳಿಸುವುದು. ನಿಮ್ಮೂರು ಮೂಡಿಗೆರೆ ಎಂದಿದ್ದೀರಿ. ಜೂನ್ ಕಳೆದ ಮೇಲೆ ಮನೆಯ ಬಾಗಿಲು ಹೊಸ್ತಿಲಿಗೆ ಕಚ್ಚಿಕೊಳ್ಳುವುದು ನಿಮಗೆ ಗೊತ್ತು. ರೈಫಲಿನ ಮರವೂ ಅದೇ ಗಾಳಿ ಕುಡಿಯುತ್ತದೆ. ಉಬ್ಬಿದ ಮರ ಹಿಡಿಯ ಬುಡಕ್ಕೆ ತಗುಲಿದರೆ ಹಿಡಿ ಪೂರ್ತಿ ಕೆಳಗೆ ಕೂರುವುದಿಲ್ಲ. ಮರ ಸಡಿಲವೆನಿಸಿತೆಂದು ಯಾರೋ ತಿರುಪುಗಳನ್ನು ಮೈಮೇಲೆ ಬಂದವರಂತೆ ಬಿಗಿದಿದ್ದರೆ ಬಾಡಿಯೇ (ಬೋಲ್ಟ್ ಓಡಾಡುವ ಲೋಹದ ಮೈ) ಸೂಕ್ಷ್ಮವಾಗಿ ಸೆಳೆತಕ್ಕೆ ಸಿಕ್ಕಿ ಬೋಲ್ಟಿನ ದಾರಿ ಕಿರಿದಾಗುತ್ತದೆ. ಹಿಡಿ ಮರಕ್ಕೆ ಉಜ್ಜಿದ ಹೊಳಪಿನ ಗುರುತು ಇದೆಯೇ ಎಂದು ನೋಡಿ. ಮಳೆಗಾಲದಲ್ಲಿ ಬಿಗಿ, ಮಾರ್ಚ್‌ನಲ್ಲಿ ಸಲೀಸು ಎಂದಾದರೆ ಅನುಮಾನವೇ ಬೇಡ.

ಕೊನೆಗೊಂದು ತಪಾಸಣೆ. ಬಾಡಿಯ ಮೇಲಿನ ಸಂಖ್ಯೆ ಮತ್ತು ಬೋಲ್ಟ್ ಹಿಡಿಯ ಬುಡದ ಸಂಖ್ಯೆ ಒಂದೇ ಇವೆಯೇ? ಕೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು .303ಗಳನ್ನು ಒಟ್ಟಿಗೆ ಬಿಚ್ಚಿ ಒರೆಸಿ, ಇದರ ಬೋಲ್ಟ್ ಅದಕ್ಕೆ, ಅದರದು ಇದಕ್ಕೆ ಹಾಕಿಬಿಟ್ಟೆ. ಎರಡೂ ಮುಚ್ಚಿದವು, ಎರಡೂ ಬಿಗಿಯಾದವು. ನಾನು ಎಣ್ಣೆ ಹಾಕುತ್ತಾ ಕೂತೆ. ಉಸ್ತಾದ್ ಬಂದು, ಒಂದು ಸಲ ಎಳೆದು ನೋಡಿ, ಸಂಖ್ಯೆಯ ಮೇಲೆ ನನ್ನ ಬೆರಳನ್ನೇ ಹಿಡಿದು ಇರಿಸಿದರು. ಬೋಲ್ಟಿನ ಲಗ್‌ಗಳು ಎರಡೂ ಕಡೆ ಸಮವಾಗಿ ಒತ್ತಿ ಕೂರುವಂತೆ ಆಯಾ ಬಾಡಿಗೇ ಹೊಂದಿಸಿರುತ್ತಾರೆ. ಬದಲಾದರೆ ಒಂದೇ ಲಗ್ ಇಡೀ ಹೊರೆ ಹೊರಬೇಕಾಗುತ್ತದೆ. ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ಇರಬೇಕಾದ ಅಂತರವೂ ತಪ್ಪುತ್ತದೆ. ಆ ರಾತ್ರಿ ಕೋತ್‌ನಲ್ಲಿದ್ದ, ಎಂದರೆ ಆಯುಧ ಕೋಣೆಯಲ್ಲಿದ್ದ, ಅಷ್ಟೂ ರೈಫಲ್‌ಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಸಿದರು. ನಿಮ್ಮ ರೈಫಲಿನ ಎರಡು ಸಂಖ್ಯೆಗಳು ಬೇರೆಯಾಗಿದ್ದರೆ ಪರವಾನಗಿ ಇರುವ ರಿಪೇರಿಯವರಿಂದ ಅಳತೆ ನೋಡಿಸುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ.

ಪ್ರಶ್ನೆ: ನಮ್ಮ ಅಜ್ಜ ಕೋವಿಗೆ ಕೊಬ್ಬರಿ ಎಣ್ಣೆಯನ್ನೇ ಹಾಕುತ್ತಿದ್ದರು, ತುಕ್ಕು ಹಿಡಿದಿಲ್ಲ. ನಾನೂ ಅದನ್ನೇ ಹಾಕಬಹುದೇ?
— ಕಳಸದಿಂದ ಒಬ್ಬರು

ನಿಮ್ಮ ಅಜ್ಜನವರದು ಜೋಡುನಳಿಗೆ ಕೋವಿ ಇರಬೇಕು. ಅದರಲ್ಲಿ ಜಾರಬೇಕಾದ ಭಾಗಗಳು ಕಡಿಮೆ, ನಡೆದುಹೋಗಿದೆ. ಬೋಲ್ಟ್ ರೈಫಲಿಗೆ ಬೇಡ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಏನಾಗಿರುತ್ತದೆ? ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಬೋಲ್ಟಿನೊಳಗೆ, ಸ್ಟ್ರೈಕರ್ ಸ್ಪ್ರಿಂಗಿನ ಸುತ್ತ ಅದೇ ಹೆಪ್ಪು ಕೂತರೆ ಬೋಲ್ಟ್ ಬಿಗಿಯಾಗುವುದಲ್ಲದೆ ಸ್ಟ್ರೈಕರ್ ನಿಧಾನಿಸಿ ತೋಟಾ ಸಿಡಿಯದೆಯೂ ಇರಬಹುದು. ಬೇಸಿಗೆಯಲ್ಲಿ ಕರಗಿ ಸರಿಹೋಗುತ್ತದೆ ಎನ್ನಬೇಡಿ, ವರ್ಷಗಳು ಕಳೆದಂತೆ ಅಡುಗೆ ಎಣ್ಣೆ ಯಾವುದಾದರೂ ಅಂಟಾಗುತ್ತದೆ, ಮನೆಯ ಒಗ್ಗರಣೆ ಸೌಟಿನ ಹಿಡಿ ಮುಟ್ಟಿ ನೋಡಿ.

ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಚಿಂದಿಗೆ ಎರಡು ಹನಿ ಹಾಕಿ ಬೋಲ್ಟಿನ ಮೈ ಒರೆಸಿ, ಆಮೇಲೆ ಒಣಬಟ್ಟೆಯಿಂದ ಮತ್ತೆ ಒರೆಸಿ. ಬೆರಳಿಗೆ ತಾಗಬೇಕು, ಕಣ್ಣಿಗೆ ಕಾಣಬಾರದು. ತೊಟ್ಟಿಕ್ಕುವಷ್ಟು ಹಾಕಿದರೆ ಕಾಫಿ ಕಣದ ಧೂಳೆಲ್ಲ ಅಲ್ಲಿಗೇ ಬಂದು ಕೂರುತ್ತದೆ. ಚೇಂಬರನ್ನು ಮಾತ್ರ ಹಾರಿಸುವ ಮೊದಲು ಪೂರ್ತಿ ಒಣಗಿಸಿ. ಅಲ್ಲಿ ಎಣ್ಣೆಯಿದ್ದರೆ ತೋಟಾ ಗೋಡೆಗೆ ಹಿಡಿಯದೆ ಹಿಂದಕ್ಕೆ ಜಾರಿ, ಬೋಲ್ಟಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ.

ಪ್ರಶ್ನೆ: ಪರಿಚಯದ ಲೇತ್ ಅಂಗಡಿಯವರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ನೂರು ಸಲ ಬೋಲ್ಟ್ ಆಡಿಸಿದರೆ ಕನ್ನಡಿಯಂತಾಗುತ್ತದೆ ಎನ್ನುತ್ತಾರೆ. ಮಾಡಿಸಲೇ?
— ಆಲೂರು ತಾಲ್ಲೂಕಿನ ಓದುಗರು

ಬೇಡ. ಎರಡು ಕಾರಣ. ಆಯುಧ ಕಾಯ್ದೆ, 1959ರ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿ ಮಾಡಲೂ ಪರವಾನಗಿ ಬೇಕು. ನಿಮ್ಮ ಲೇತ್ ಗೆಳೆಯರಿಗೆ ಅದಿಲ್ಲ. ಕೆಲಸ ಬಲ್ಲ ನನಗೂ ಇಲ್ಲ, ಆದ್ದರಿಂದಲೇ ನಾನು ಬಾಯಲ್ಲಿ ಹೇಳುತ್ತೇನೆಯೇ ಹೊರತು ಸ್ಕ್ರೂಡ್ರೈವರ್ ಎತ್ತುವುದಿಲ್ಲ.

ಎರಡನೆಯದು ಲೋಹದ ಕಾರಣ. ಬೋಲ್ಟಿನ ಉಜ್ಜುವ ಮೈಗಳಿಗೆ ಮೇಲ್ಪದರ ಮಾತ್ರ ಗಟ್ಟಿಯಾಗುವಂತೆ ಹದ ಕೊಟ್ಟಿರುತ್ತಾರೆ, ಒಳಗೆ ಮೆದು ಇರುತ್ತದೆ. ರೊಟ್ಟಿಯ ಮೇಲಿನ ಗರಿಯಾದ ಪದರವೆಂದುಕೊಳ್ಳಿ. ಪೇಸ್ಟ್ ಆ ಪದರವನ್ನು ತಿನ್ನುತ್ತದೆ, ಮೊದಲ ತಿಂಗಳು ಕನ್ನಡಿ, ಆಮೇಲೆ ಮೆದು ಲೋಹ ಕಚ್ಚಿಕೊಂಡು ಮೊದಲಿಗಿಂತ ಒರಟು. ಪೇಸ್ಟಿಗೆ ಎಲ್ಲಿ ತಿನ್ನಬೇಕು, ಎಲ್ಲಿ ತಿನ್ನಬಾರದು ಎಂಬ ವಿವೇಕವೂ ಇಲ್ಲ. ಲಗ್‌ಗಳ ಹಿಂಬದಿ ಸವೆದರೆ ಬೋಲ್ಟ್ ಹಿಂದೆ ಕೂರುತ್ತದೆ. ಸ್ಟ್ರೈಕರನ್ನು ತಡೆದು ನಿಲ್ಲಿಸುವ ಸಿಯರ್ ಎಂಬ ತುಂಡು ಹಿಡಿಯುವ ಅಂಚು ಸವೆದರೆ ಟ್ರಿಗರ್ ಒತ್ತದೆಯೇ ಗುಂಡು ಹಾರಬಹುದು. ನಯ ಬೇಕಿದ್ದರೆ ನಿಮ್ಮ ಕೈಯಿಂದಲೇ ಮಾಡಿ. ಖಾಲಿ ರೈಫಲಿನ ಬೋಲ್ಟನ್ನು ಶುದ್ಧ ಮಾಡಿ, ತೆಳು ಎಣ್ಣೆ ಹಚ್ಚಿ, ದಿನಕ್ಕೆ ಐವತ್ತು ಸಲ ನೇರಕ್ಕೆ ಆಡಿಸಿ. ಪ್ರತಿದಿನ ಒರೆಸಿದಾಗ ಚಿಂದಿಗೆ ಬೂದು ಬಣ್ಣ ಹತ್ತುತ್ತದೆ, ಅದು ಸವೆದ ಒರಟು. ಎರಡು ತಿಂಗಳಿಗೆ ಬೂದು ಕಡಿಮೆಯಾಗುತ್ತದೆ. ಅಷ್ಟರಲ್ಲಿ ನಿಮ್ಮ ಕೈಯೂ ತಿದ್ದಿಕೊಂಡಿರುತ್ತದೆ. ಲೋಹ ಎಷ್ಟು ನಯವಾಯಿತು, ಕೈ ಎಷ್ಟು ಎಂದು ಯಾರೂ ಬೇರ್ಪಡಿಸಿ ಹೇಳಲಾರರು.

ಪ್ರಶ್ನೆ: ಪ್ರಪಂಚದಲ್ಲೇ ಅತಿ ನಯವಾದ ಬೋಲ್ಟ್ ಯಾವುದು? ಜರ್ಮನಿಯ ಮೌಸರ್ ಶ್ರೇಷ್ಠವೋ ಲೀ-ಎನ್‌ಫೀಲ್ಡ್ ಶ್ರೇಷ್ಠವೋ? ಗೆಳೆಯರೊಂದಿಗೆ ಪಂದ್ಯ ಕಟ್ಟಿದ್ದೇನೆ.
— ಇತಿಹಾಸದ ಉಪನ್ಯಾಸಕರು, ಚಿಕ್ಕಮಗಳೂರು

ಪಂದ್ಯ ಇಬ್ಬರೂ ಸೋತಿರಿ. ನಯದ ಮಾತಿಗೆ ಬಂದರೆ ಬಲ್ಲವರು ಮೊದಲು ಹೇಳುವುದು ನಾರ್ವೆಯ ಕ್ರಾಗ್-ಯೋರ್ಗೆನ್ಸನ್. ಡೆನ್ಮಾರ್ಕ್ 1889ರಲ್ಲಿ, ಅಮೆರಿಕ 1892ರಲ್ಲಿ, ನಾರ್ವೆಯೇ 1894ರಲ್ಲಿ ಅದನ್ನು ಸೇನೆಗೆ ತೆಗೆದುಕೊಂಡವು. ಮುಂದುಗಡೆ ಅದಕ್ಕೆ ಇದ್ದದ್ದು ಒಂದೇ ಲಗ್. ಉಜ್ಜುವ ಜಾಗ ಕಡಿಮೆಯಾದಷ್ಟು ತಡೆ ಕಡಿಮೆ. ಆದರೆ ಒಂದೇ ಕಾಲಿನ ಮೇಲೆ ನಿಂತವನು ಹೆಚ್ಚು ಹೊರೆ ಹೊರಲಾರ. ಅಮೆರಿಕದವರು ಹೆಚ್ಚಿನ ಒತ್ತಡದ ತೋಟಾ ಬೇಕೆಂದಾಗ ಕ್ರಾಗ್ ಬಿಟ್ಟು, ಮೌಸರ್ ಮಾದರಿಯ ಸ್ಪ್ರಿಂಗ್‌ಫೀಲ್ಡ್ 1903ಕ್ಕೆ ಹೋಗಿ, ಮೌಸರ್ ಕಂಪನಿಗೆ ಹಣವನ್ನೂ ತೆತ್ತರು. ಎರಡನೆಯ ಹೆಸರು ಆಸ್ಟ್ರಿಯಾದ ಮ್ಯಾನ್‌ಲಿಕರ್-ಶೋನೌವರ್ 1903. ಅದರ ಮ್ಯಾಗಜಿನ್ ತಿರುಗುವ ರಾಟೆಯಂಥದು, ಪ್ರತಿ ತೋಟಾಕ್ಕೂ ತನ್ನದೇ ಗೂಡು, ಒಂದು ಇನ್ನೊಂದರ ಮೇಲೆ ಬಿದ್ದು ಉಜ್ಜುವ ಪ್ರಶ್ನೆಯೇ ಇಲ್ಲ. ಬೋಲ್ಟ್ ನಯವೆನಿಸುವುದಕ್ಕೆ ಅರ್ಧ ಕಾರಣ ಮ್ಯಾಗಜಿನ್ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಿಮ್ಮ ಇಬ್ಬರು ಸ್ಪರ್ಧಿಗಳ ವಿಚಾರ: 1898ರ ಮೌಸರ್‌ನಲ್ಲಿ ಹಿಡಿಯನ್ನು ಸುಮಾರು 90 ಡಿಗ್ರಿ ಎತ್ತಬೇಕು, ಸ್ಪ್ರಿಂಗ್ ಅದುಮುವ ಕೆಲಸವೂ ಎತ್ತುವಾಗಲೇ ಮುಗಿಯುತ್ತದೆ. ಮುಂದಕ್ಕೆ ತಳ್ಳುವುದು ಹಗುರ. ಲೀ-ಎನ್‌ಫೀಲ್ಡ್‌ನಲ್ಲಿ ಎತ್ತುವುದು ಸುಮಾರು 60 ಡಿಗ್ರಿ ಮಾತ್ರ, ಸ್ಪ್ರಿಂಗ್ ಕೆಲಸ ತಳ್ಳುವಾಗ. ಬಿಸಿಯಾದ ಚೇಂಬರಿನಲ್ಲಿ ತೋಟಾ ಅಂಟಿದಾಗ ಮೌಸರ್ ಹಿಡಿದವನ ಕೈ ತೋಟಾ ಬಿಡಿಸುವುದು, ಸ್ಪ್ರಿಂಗ್ ಅದುಮುವುದು ಎರಡನ್ನೂ ಒಟ್ಟಿಗೆ ಮಾಡಬೇಕು. ಲೀ ಹಿಡಿದವನಿಗೆ ಅಲ್ಲಿ ಒಂದೇ ಕೆಲಸ, ಇನ್ನೊಂದನ್ನು ಇಡೀ ತೋಳಿನ ಬಲದಿಂದ ಮುಂದಕ್ಕೆ ತಳ್ಳುವಾಗ ಮಾಡುತ್ತಾನೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸೈನಿಕರಿಗೆ 300 ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು ಹಾರಿಸುವ ಅಭ್ಯಾಸ ಕೊಡಿಸುತ್ತಿದ್ದುದು ಈ ಬೋಲ್ಟಿನ ಭರವಸೆಯಿಂದಲೇ. ಬಲದಲ್ಲಿ ಮಾತ್ರ ಮೌಸರ್ ಮುಂದೆ: ಎರಡು ಲಗ್ ಮುಂದೆ, ಮೂರನೆಯದು ರಕ್ಷಣೆಗೆ ಹಿಂದೆ. ನನ್ನ ಕೈಗೆ ಯಾವುದು ಇಷ್ಟ ಎಂದು ಕೇಳಿದರೆ ಲೀ. ಆದರೆ ಅಮ್ಮ ಮಾಡಿದ ಸಾರಿಗೆ ಅಂಕ ಕೊಡಲು ಮಗನನ್ನು ಕೂರಿಸಬಾರದು.

ಪ್ರಶ್ನೆ: ನನ್ನ ಮಗಳು ಎಡಚಿ. ಶೂಟಿಂಗ್ ತರಬೇತಿಗೆ ಹೋಗುತ್ತಾಳೆ. ಬಲಗೈ ಬೋಲ್ಟಿನ .22ರಲ್ಲಿ ಪ್ರತಿ ಗುಂಡಿಗೂ ಭಂಗಿ ಕೆಡುತ್ತದೆ ಎನ್ನುತ್ತಾಳೆ. ಬೋಲ್ಟ್ ಬೇರೆ ಒಮ್ಮೊಮ್ಮೆ ಮುಚ್ಚಲು ಬಿಗಿ.
— ಗೃಹಿಣಿ, ಹಾಸನ

ಅಮ್ಮಾ, ಮಗಳು ಹೇಳುವುದು ಸರಿ, ನೆಪವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆ ಇದೇ .22 ರೈಫಲಿನದು. ಅಲ್ಲಿ ಒಂದೊಂದೇ ತೋಟಾ ಕೈಯಿಂದ ಇಟ್ಟು ಬೋಲ್ಟ್ ಮುಚ್ಚಬೇಕು. ಬೋಲ್ಟ್ ಗಟ್ಟಿಯಾದರೆ ಹೆಗಲು ಅಲುಗುತ್ತದೆ, ಮತ್ತೆ ಮೊದಲಿನಿಂದ ಭಂಗಿ ಕಟ್ಟಬೇಕು. ಅದಕ್ಕಾಗಿಯೇ ಸ್ಪರ್ಧೆಯ ರೈಫಲ್ ಮಾಡುವ ಆನ್‌ಶುಟ್ಸ್‌ನಂಥವರು ಎಡಗೈ ಮಾದರಿಗಳನ್ನು ಬೇರೆಯೇ ತಯಾರಿಸುತ್ತಾರೆ. ತರಬೇತುದಾರರನ್ನು ಸಂಕೋಚವಿಲ್ಲದೆ ಕೇಳಿ. ಸಿಗುವವರೆಗೆ ಮಲಗಿದ ಭಂಗಿಯಲ್ಲಿ, ರೈಫಲ್ ಆಸರೆಯ ಮೇಲಿದ್ದರೆ, ಎಡಗೈಯನ್ನು ಟ್ರಿಗರ್ ಬಳಿಯ ಹಿಡಿಕೆಯಲ್ಲೇ ಬಿಟ್ಟು ಬಲಗೈಯಿಂದ ಬೋಲ್ಟ್ ಆಡಿಸಿ ಅಭ್ಯಾಸ ಮಾಡಲಿ.

ಒಮ್ಮೊಮ್ಮೆ ಬಿಗಿಯಾಗುವುದಕ್ಕೆ ಕಾರಣ ಬೇರೆ. .22 ಗುಂಡಿನ ಮೇಲೆ ಮೇಣದಂಥ ಲೇಪವಿರುತ್ತದೆ. ನೂರಾರು ಗುಂಡು ಹಾರಿದ ಮೇಲೆ ಅದು ಮಸಿಯೊಂದಿಗೆ ಸೇರಿ ಚೇಂಬರಿನ ಮುಂತುದಿಯಲ್ಲಿ ಬಳೆಯಂತೆ ಕೂರುತ್ತದೆ. ಹೊಸ ತೋಟಾ ಅದಕ್ಕೆ ತಗುಲಿದಾಗ ಬೋಲ್ಟ್ ಕೊನೆಯ ಕೂದಲೆಳೆಯಲ್ಲಿ ಮೊಂಡು ಹಿಡಿಯುತ್ತದೆ. ಬಲವಂತವಾಗಿ ಮುಚ್ಚುವುದು ಬೇಡ. ಚೇಂಬರ್ ಶುಚಿ ಮಾಡಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಚುನಾವಣೆಗೆ ಠಾಣೆಯಲ್ಲಿ ಜಮೆ ಮಾಡಿ ವಾಪಸು ತರುವಷ್ಟರಲ್ಲಿ ಬೋಲ್ಟ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಪರಿಹಾರ?
— ಸಕಲೇಶಪುರದ ಇಬ್ಬರು, ಒಂದೇ ಕಾಗದದಲ್ಲಿ

ನನ್ನದೂ ಒಮ್ಮೆ ಹೀಗಾಯಿತು. ಬೈಯಲು ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕಿ ಕೊನೆಗೆ ಸಿಕ್ಕಿದವನು ನಾನೇ. ಮಳೆಯಲ್ಲಿ ನೆಂದ ಕ್ಯಾನ್ವಾಸ್ ಚೀಲದಲ್ಲಿ ಕೊಟ್ಟಿದ್ದೆ. ಬಟ್ಟೆಯಾಗಲಿ ಚರ್ಮವಾಗಲಿ ತೇವವನ್ನು ಹೀರಿ ಲೋಹಕ್ಕೆ ಉಣಿಸುತ್ತಿರುತ್ತದೆ. ಕೊಡುವ ಹಿಂದಿನ ದಿನ ಬೋಲ್ಟ್ ಮತ್ತು ಚೇಂಬರಿಗೆ ಸಾಮಾನ್ಯಕ್ಕಿಂತ ದಪ್ಪಗೆ ಎಣ್ಣೆ ಹಚ್ಚಿ, ಒಣಗಿದ ಚೀಲದಲ್ಲಿ ಹಾಕಿ. ರಸೀದಿಯಲ್ಲಿ ಬೋಲ್ಟಿನ ಸಂಖ್ಯೆಯನ್ನೂ ಬರೆಸಿ. ತಂದ ದಿನವೇ ಎಲ್ಲವನ್ನೂ ಒರೆಸಿ, ಚೇಂಬರನ್ನು ಒಣಗಿಸಿ.

ಪ್ರಶ್ನೆ: .315 ಬದಲು ಹಳೆಯ .303 ಕೊಳ್ಳಲು ಸಾಧ್ಯವೇ?
— ಕಡೂರು

ಇಲ್ಲ. .303 ನಿಷೇಧಿತ ಬೋರ್, ಎಂದರೆ ನಾಗರಿಕರಿಗೆ ನಿಷೇಧಿಸಿದ ನಳಿಗೆಯ ಅಳತೆ. ಆಸೆ ಬಿಡಿ.

ಪ್ರಶ್ನೆ: ಕಳೆದ ಸಲ ಪಂಪಿನ ಬೇರಿಂಗಿಗೆ ಲಿಥಿಯಂ ಗ್ರೀಸ್ ಹಾಕಿ ಎಂದಿರಿ, ಹಾಕಿದೆ, ಕಿರಿಚುವುದು ನಿಂತಿದೆ. ಉಳಿದ ಡಬ್ಬಿಯನ್ನು ಏನು ಮಾಡಲಿ? ಮನೆಯಲ್ಲಿ ರೈಫಲ್ ಇದೆ.
— ಅರಸೀಕೆರೆಯ ತೆಂಗು ಬೆಳೆಗಾರರು

ನೀವೊಬ್ಬರೇ ಪಂಪನ್ನು ಮರೆಯಲಿಲ್ಲ, ಸಂತೋಷ. ಗ್ರೀಸನ್ನು ರೈಫಲಿಗೂ ಬಳಸಬಹುದು, ಆದರೆ ಬೆಂಕಿಕಡ್ಡಿಯ ತಲೆಯಷ್ಟು ಮಾತ್ರ, ಎರಡೇ ಜಾಗಕ್ಕೆ: ಲಗ್‌ಗಳು ಬಾಡಿಗೆ ಒತ್ತಿ ಕೂರುವ ಹಿಂಬದಿಗೆ, ಮತ್ತು ಹಿಡಿಯ ಬುಡದ ಓರೆ ಮೈಗೆ. ಬಲ ಬಿದ್ದು ಲೋಹ ಲೋಹವನ್ನು ಒತ್ತುವ ಕಡೆ ತೆಳು ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ, ಗ್ರೀಸ್ ನಿಲ್ಲುತ್ತದೆ. ಉಳಿದ ಮೈಗೆ ಮುಟ್ಟಿಸಬೇಡಿ, ಬೋಲ್ಟಿನ ಒಳಗಂತೂ ಬೇಡವೇ ಬೇಡ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ, ಮಾರ್ಚ್‌ನಲ್ಲಿ ಪಂಪಿಗೆ ಮತ್ತೆ ಬೇಕಾಗುತ್ತದೆ.